ಫ್ಲೈ ಕಟ್ಟುವ ರೋಟರಿ ವೈಸ್: ಏಳು ಮಳೆಗಾಲಗಳ ಬಳಕೆಯ ನಂತರ

ಮೀನಿನ ಗಾಳದ ಕೊಕ್ಕೆಯನ್ನು ಹಿಡಿದಿಡುವ ಈ ವೈಸ್ ನನ್ನ ಮೇಜಿಗೆ ಬಂದದ್ದು 2018ರ ಮೇ ತಿಂಗಳ ಕೊನೆಯಲ್ಲಿ, ಮಡಿಕೇರಿಯಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಕಟ್ಟಿದ ಪ್ರತಿ ಫ್ಲೈಯನ್ನೂ ಕೊಕ್ಕೆಯ ನಂಬರಿನೊಂದಿಗೆ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಏಳನೆಯ ಮಳೆಗಾಲ ಮುಗಿದ ಮೇಲೆ ಕೂಡಿಸಿ ನೋಡಿದೆ, ಲೆಕ್ಕ ಎರಡು ಸಾವಿರ ದಾಟಿತ್ತು. ಇಷ್ಟು ದುಡಿಸಿದ ಮೇಲೆ ಇದರ ಬಗ್ಗೆ ಬರೆಯುವ ಹಕ್ಕು ಬಂದಿದೆ ಎಂದುಕೊಂಡಿದ್ದೇನೆ. ತಯಾರಕರ ಹೆಸರು ಹೇಳುವುದಿಲ್ಲ. ಇದೇ ವಿನ್ಯಾಸದ ವೈಸ್‌ಗಳನ್ನು ಹಲವರು ಮಾಡುತ್ತಾರೆ. ಭಾರವಾದ ಪೀಠ, ಅದರ ಮೇಲೆ ನೆಟ್ಟ ಕಂಬ, ಕಂಬದ ತುದಿಯಲ್ಲಿ ತಿರುಗುವ ಅಡ್ಡದಂಡ, ದಂಡದ ಮುಂದೆ ಲಿವರಿನಿಂದ ಬಿಗಿಯಾಗುವ ಎರಡು ದವಡೆ. ಕೊಳ್ಳಲು ಹೊರಟವರು ಇಂಥ ಯಾವುದನ್ನು ನೋಡಿದರೂ ನಾನು ಬರೆದದ್ದು ಉಪಯೋಗಕ್ಕೆ ಬರಬಹುದು.

ಹೊಸಬರಿಗಾಗಿ ಒಂದು ಮಾತು. ಫ್ಲೈ ಎಂದರೆ ಗರಿ, ಕೂದಲು, ನೂಲು, ತಂತಿಗಳನ್ನು ಗಾಳದ ಕೊಕ್ಕೆಗೆ ಸುತ್ತಿ ಮಾಡಿದ ಹುಳು ಅಥವಾ ಮರಿಮೀನಿನ ರೂಪ. ಎರೆಹುಳುವಾಗಲಿ ರಾಗಿಮುದ್ದೆಯಾಗಲಿ ಇದಕ್ಕೆ ಬೇಡ. ಕೊಕ್ಕೆಯನ್ನು ಅಲುಗಾಡದಂತೆ ಹಿಡಿದುಕೊಳ್ಳುವ ಸಾಧನವೇ ವೈಸ್. ಬೆರಳಲ್ಲೇ ಕೊಕ್ಕೆ ಹಿಡಿದು ಕಟ್ಟುವವರು ಹಿಂದೆ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ನಮ್ಮಂಥವರಿಗೆ ಅದು ಆಗದ ಮಾತು.

ನನ್ನ ಮೊದಲ ವೈಸ್ ಬೇರೆ. ಮೇಜಿನ ಅಂಚಿಗೆ ಕಚ್ಚಿಸುವ ಅಗ್ಗದ ಮಾದರಿ ಅದು, ಬೆಲೆ ಎರಡು ಸಾವಿರ ರೂಪಾಯಿಯ ಒಳಗೆ. ಅದರಲ್ಲಿ ಒಂದು ವರ್ಷ ಕಷ್ಟಪಟ್ಟೆ. ನೂಲನ್ನು ಬಿಗಿಯಾಗಿ ಎಳೆದ ಕೂಡಲೇ ಕೊಕ್ಕೆ ತಲೆ ಬಾಗಿಸುತ್ತಿತ್ತು. ಸ್ಕ್ರೂ ಇನ್ನಷ್ಟು ಬಿಗಿದರೆ ದವಡೆಯ ಮೇಲೆ ಕೊಕ್ಕೆಯ ಆಕಾರದಲ್ಲೇ ಹಳ್ಳ ಬಿತ್ತು. ಮರುದಿನ ಆ ಹಳ್ಳದಲ್ಲಿ ಸಣ್ಣ ಕೊಕ್ಕೆ ನಿಲ್ಲಲೇ ಇಲ್ಲ. ತಪ್ಪು ನನ್ನ ಕೈಯದೇ ಎಂದು ತಿಂಗಳುಗಟ್ಟಲೆ ನಂಬಿದ್ದೆ. ಕೊನೆಗೊಂದು ದಿನ ಅದನ್ನು ಕುಶಾಲನಗರದ ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ದವಡೆಯ ಮೇಲೆ ಅರ ಎಳೆದರು, ಲೋಹದ ಪುಡಿ ಉದುರಿತು. "ನೋಡಿ ಸರ್, ಅರ ಹೀಗೆ ಹಿಡಿಯುತ್ತದೆ ಎಂದರೆ ಇದಕ್ಕೆ ಹದವನ್ನೇ ಕೊಟ್ಟಿಲ್ಲ. ಹದ ಕೊಟ್ಟ ಉಕ್ಕಿನ ಮೇಲೆ ಅರ ಜಾರಬೇಕು," ಎಂದರು. ಗಾಳದ ಕೊಕ್ಕೆ ಹದ ಕೊಟ್ಟ, ಅಂದರೆ ಕಾಯಿಸಿ ಗಟ್ಟಿ ಮಾಡಿದ, ತಂತಿ. ಅದನ್ನು ಹಿಡಿಯುವ ದವಡೆ ಅದಕ್ಕಿಂತ ಮೆದುವಾಗಿದ್ದರೆ ಸೋಲುವುದು ದವಡೆಯೇ. ಅವರ ಆ ಒಂದು ಮಾತಿನಿಂದ ನನ್ನ ಒಂದು ವರ್ಷದ ಹತಾಶೆ ಕಳೆಯಿತು.

ಆದ್ದರಿಂದ ಹೊಸ ವೈಸ್‌ನಲ್ಲಿ ನಾನು ಮೊದಲು ಪರೀಕ್ಷಿಸಿದ್ದು ಹಿಡಿತ. ಎರಡನೇ ನಂಬರಿನ ದಪ್ಪ ಕೊಕ್ಕೆಯೊಂದನ್ನು ಸಿಕ್ಕಿಸಿ, ಲಿವರ್ ಒತ್ತಿ, ಅದರ ಕಣ್ಣಿನ ಬಳಿ ಹೆಬ್ಬೆರಳಿನಿಂದ ಕೆಳಕ್ಕೆ ಅದುಮಿದೆ. ಕೊಕ್ಕೆಯ ತಂತಿ ಬಾಗಿತು, ದವಡೆಯೊಳಗಿನ ಭಾಗ ಮಿಸುಕಲಿಲ್ಲ. ನಂತರ ಹದಿನಾರನೇ ನಂಬರು, ಅದೂ ನಿಂತಿತು. (ಈ ನಂಬರುಗಳ ಕ್ರಮ ತಿರುಗುಮುರುಗು, ನಂಬರು ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ.) ಏಳು ವರ್ಷಗಳ ನಂತರವೂ ಎರಡನೇ ನಂಬರು ಹಾಗೆಯೇ ನಿಲ್ಲುತ್ತದೆ. ಹದಿನಾರನೆಯದು ಮಾತ್ರ ಈಗ ಹತ್ತಕ್ಕೆ ಎರಡು ಸಲ ಜಾರುತ್ತದೆ, ಏಕೆಂದರೆ ದವಡೆಯ ತುದಿಯಲ್ಲಿ ಕೂದಲೆಳೆಯಷ್ಟು ಸವೆತ ಬಂದಿದೆ. ಆ ಸವೆತಕ್ಕೆ ಅರ್ಧ ಕಾರಣ ನಾನೇ. ಕೊಕ್ಕೆಯ ಮುಳ್ಳನ್ನು (ಮೊನೆಯ ಹಿಂದೆ ಹಿಮ್ಮುಖವಾಗಿ ಚಾಚಿದ ಚೂಪನ್ನು) ಚಪ್ಪಟೆ ಮಾಡಲು ಮೊದಲ ಎರಡು ವರ್ಷ ಈ ದವಡೆಯನ್ನೇ ಇಕ್ಕಳದಂತೆ ಬಳಸಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನೂರಿಪ್ಪತ್ತು ರೂಪಾಯಿಯ ಚಪ್ಪಟೆ ಮೂತಿಯ ಇಕ್ಕಳ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ.

ಮುಳ್ಳು ಚಪ್ಪಟೆ ಮಾಡುವುದನ್ನಂತೂ ಬಿಡಬೇಡಿ. ಕಾವೇರಿಯ ಬಿಳಿಮೀನು (ಮಹಶೀರ್), ಅದರಲ್ಲೂ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಬಿಳಿಮೀನು, 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಆ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಸಂಶೋಧಕರು ಖಚಿತಪಡಿಸಿದ್ದೂ ಅದೇ ವರ್ಷ. ಶತಮಾನದಿಂದ ಬೇಟೆಗಾರರು ಫೋಟೋ ತೆಗೆಸಿಕೊಂಡ ಮೀನಿಗೆ ಸರಿಯಾದ ಹೆಸರು ಗೊತ್ತಾಗುವಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದು ನಿಂತಿತ್ತು. ಅಭಯಾರಣ್ಯದ ಒಳಗೆ ಗಾಳ ಹಾಕುವಂತಿಲ್ಲ. ಹೊರಗೆ ಅನುಮತಿ ಇರುವ ಕಡೆ, ಉದಾಹರಣೆಗೆ ವಾಲ್ನೂರಿನ ಬಳಿ, ಹಿಡಿದ ಮೀನನ್ನು ನದಿಗೇ ಬಿಡಬೇಕು. ಮುಳ್ಳಿಲ್ಲದ ಕೊಕ್ಕೆ ಬಾಯಿಂದ ಒಂದೇ ತಿರುವಿಗೆ ಕಳಚುತ್ತದೆ, ಮೀನನ್ನು ನೀರಿನಿಂದ ಮೇಲೆತ್ತುವ ಅಗತ್ಯವೂ ಬರುವುದಿಲ್ಲ.

ಇನ್ನು ತಿರುಗುವಿಕೆ. ಅಂಗಡಿಗಳು ರೋಟರಿ ಎಂಬ ಪದಕ್ಕೆ ಹೆಚ್ಚು ಹಣ ಕೇಳುತ್ತವೆ, ಆದರೆ ಎಲ್ಲ ರೋಟರಿಗಳೂ ಒಂದೇ ಬಗೆಯವಲ್ಲ. ಓರೆಯಾಗಿ ನಿಂತ ದವಡೆ ತನ್ನ ಅಕ್ಷದ ಮೇಲೆಯೇ ತಿರುಗಿದರೆ ಕೊಕ್ಕೆ ಗಾಳಿಯಲ್ಲಿ ವೃತ್ತ ಹಾಕುತ್ತದೆ. ಹಾಗೆ ತಿರುಗಿಸಿ ಫ್ಲೈಯ ಹಿಂಬದಿಯನ್ನು ನೋಡಬಹುದು, ನೂಲು ಸುತ್ತಲು ಆಗುವುದಿಲ್ಲ. ನಿಜವಾದ ರೋಟರಿಯಲ್ಲಿ ಕೊಕ್ಕೆಯ ನೇರ ದಂಡ ತಿರುಗುವ ಅಕ್ಷದ ಮೇಲೆಯೇ ಮಲಗಿರುತ್ತದೆ. ಕೊಳ್ಳುವ ಮುನ್ನ ಕೊಕ್ಕೆ ಸಿಕ್ಕಿಸಿ, ತಿರುಗಿಸಿ, ಹಿಂದೆ ಒಂದು ಬಿಳಿ ಕಾಗದ ಹಿಡಿದು ನೋಡಿ. ದಂಡ ಮೇಲೆ ಕೆಳಗೆ ಕುಣಿಯಬಾರದು, ನಿಂತಲ್ಲೇ ಹೊರಳಬೇಕು. ಗೆಳೆಯರ ಮನೆಯಲ್ಲಿ ಅಮೆರಿಕದ ರೆಂಜೆಟ್ಟಿ ಕಂಪನಿಯ ವೈಸ್‌ನಲ್ಲಿ ಇದನ್ನು ಮೊದಲು ಕಂಡಾಗ ಎಷ್ಟೋ ಹೊತ್ತು ಸುಮ್ಮನೆ ತಿರುಗಿಸುತ್ತ ಕುಳಿತಿದ್ದೆ.

ಈ ತಿರುಗುವಿಕೆ ನನಗೆ ನಿಜವಾಗಿ ನೆರವಾಗುವುದು ಕ್ಲೌಸರ್ ಮಿನ್ನೋ ಕಟ್ಟುವಾಗ. ಪೆನ್ಸಿಲ್ವೇನಿಯದ ಬಾಬ್ ಕ್ಲೌಸರ್ ರೂಪಿಸಿದ ಈ ಫ್ಲೈಗೆ ತಲೆಯ ಬಳಿ ಎರಡು ಲೋಹದ ಕಣ್ಣು ಕಟ್ಟುತ್ತಾರೆ. ಆ ಭಾರಕ್ಕೆ ಫ್ಲೈ ನೀರಿನಲ್ಲಿ ಮಗುಚಿಕೊಂಡು, ಕೊಕ್ಕೆಯ ಮೊನೆ ಮೇಲ್ಮುಖವಾಗಿ ಈಜುತ್ತದೆ. ಕಾವೇರಿಯ ಬಂಡೆಗಳ ನಡುವೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ, ಸಿಕ್ಕಿಹಾಕಿಕೊಳ್ಳುವುದು ಬಹಳ ಕಡಿಮೆ. ಅರ್ಧ ಕೂದಲನ್ನು ಕೊಕ್ಕೆಯ ಒಂದು ಬದಿಗೆ, ಇನ್ನರ್ಧವನ್ನು ಮತ್ತೊಂದು ಬದಿಗೆ ಕಟ್ಟಬೇಕು. ಹಳೆಯ ವೈಸ್‌ನಲ್ಲಿ ಪ್ರತಿ ಸಲ ಕೊಕ್ಕೆ ಬಿಚ್ಚಿ ತಿರುಗಿಸಿ ಮತ್ತೆ ಸಿಕ್ಕಿಸುತ್ತಿದ್ದೆ. ಇಲ್ಲಿ ಅರ್ಧ ಸುತ್ತು ಸಾಕು. ಅಮೆರಿಕದವರು ಜಿಂಕೆಯ ಬಾಲದ ಕೂದಲು ಬಳಸುತ್ತಾರೆ, ನಾನು ಬಿಳಿ ಮೇಕೆಯ ಕೂದಲು ಬಳಸುತ್ತೇನೆ. ಕಣ್ಣಿಗೆ ಕೀಲಿಗೊಂಚಲಿನ ಮಣಿಸರಪಳಿಯಿಂದ ಕತ್ತರಿಸಿದ ಎರಡು ಮಣಿ.

ಆದರೂ ಒಂದನ್ನು ಪ್ರಾಮಾಣಿಕವಾಗಿ ಹೇಳಬೇಕು. ಎರಡು ಸಾವಿರ ಫ್ಲೈಗಳಲ್ಲಿ ಪೂರ್ತಿ ಸುತ್ತು ತಿರುಗಿಸಿ ಗರಿಯನ್ನೋ ತಂತಿಯನ್ನೋ ಸುತ್ತಿದ್ದು ಕಾಲು ಭಾಗದಲ್ಲೂ ಇರಲಾರದು. ಉಳಿದವೆಲ್ಲ ಅರ್ಧ ಸುತ್ತಿನ ಉಪಯೋಗ, ಇಲ್ಲವೇ ಅದೂ ಇಲ್ಲ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ಹದ ಕೊಟ್ಟ ದವಡೆಗೆ ಕೊಡಿ. ತಿರುಗದ, ಆದರೆ ಕಚ್ಚಿ ಹಿಡಿಯುವ ವೈಸ್‌ನಲ್ಲಿ ಜೀವನಪೂರ್ತಿ ಚೆಂದದ ಫ್ಲೈ ಕಟ್ಟಬಹುದು. ಕಚ್ಚಿ ಹಿಡಿಯುವ ದವಡೆಗೆ ರೀಗಲ್ ಕಂಪನಿಯ ಸ್ಪ್ರಿಂಗ್ ದವಡೆಯ ವೈಸ್‌ಗಳು ಒಳ್ಳೆಯ ಉದಾಹರಣೆ. ಲಿವರ್ ಅದುಮಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಕಚ್ಚುತ್ತದೆ, ಕೊಕ್ಕೆ ಬದಲಾದಂತೆ ಸ್ಕ್ರೂ ಹೊಂದಿಸುವ ತಾಪತ್ರಯ ಇಲ್ಲ.

ನಮ್ಮ ಹವೆಯ ವಿಷಯವನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಉಪ್ಪು ನೀರಾಗುತ್ತದೆ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹದ ಕೊಟ್ಟ ಉಕ್ಕು ಸ್ಟೇನ್‌ಲೆಸ್ ಅಲ್ಲದಿದ್ದರೆ ಎರಡೇ ದಿನಗಳಲ್ಲಿ ಕೆಂಪಗಾಗುತ್ತದೆ. ಎರಡನೆಯ ಮಳೆಗಾಲದಲ್ಲಿ ಹದಿನೈದು ದಿನ ಊರಿಗೆ ಹೋಗಿ ಬಂದಾಗ ಲಿವರ್ ಅಲುಗಲೇ ಇಲ್ಲ. ಲಿವರಿನೊಂದಿಗೆ ತಿರುಗಿ ದವಡೆ ಬಿಗಿಸುವ ಒಳಗಿನ ಕ್ಯಾಮ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಬಿಚ್ಚಿ, ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದ ಮೇಲೆ ಸರಿಯಾಯಿತು. ಅಂದಿನಿಂದ ಕೆಲಸ ಮುಗಿದ ಕೂಡಲೇ ದವಡೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ, ಮರುದಿನ ಹತ್ತಿಬಟ್ಟೆಯಲ್ಲಿ ಒರೆಸಿ ಶುರು ಮಾಡುತ್ತೇನೆ. ಒರೆಸದಿದ್ದರೆ ಎಣ್ಣೆ ಗರಿಗೆ ತಗಲುತ್ತದೆ.

ಐದನೆಯ ವರ್ಷ ಅಡ್ಡದಂಡ ಸಡಿಲವಾಗಿ ಅಲ್ಲಾಡತೊಡಗಿತು. ತಯಾರಕರಿಗೆ ಮೂರು ಬಾರಿ ಪತ್ರ ಬರೆದೆ, ಬಿಡಿಭಾಗ ಕಳಿಸುತ್ತೇವೆ ಎಂಬ ಉತ್ತರ ಬಂತು, ಭಾಗ ಬರಲಿಲ್ಲ. ಇಷ್ಟು ಬೆಲೆ ತೆತ್ತ ವಸ್ತುವಿನ ವಿಷಯದಲ್ಲಿ ಇದನ್ನು ನಾನು ಕ್ಷಮಿಸಲಾರೆ. ಅದೇ ಲೇತ್ ಅಂಗಡಿಯಲ್ಲಿ ದಂಡ ಕೂತು ತಿರುಗುವ ಬಳೆಯನ್ನು, ಅಂದರೆ ಬುಷ್ ಅನ್ನು, ಹಿತ್ತಾಳೆಯಲ್ಲಿ ಮಾಡಿಸಿದೆ, ಮುನ್ನೂರೈವತ್ತು ರೂಪಾಯಿ. ಮೂಲದ ಪ್ಲಾಸ್ಟಿಕ್ ಬುಷ್‌ಗಿಂತ ನಯವಾಗಿ ತಿರುಗುತ್ತದೆ. ಆದ್ದರಿಂದ ಕೊಳ್ಳುವಾಗ ಇದನ್ನೂ ನೋಡಿ: ಯಾವ ಭಾಗ ಸವೆಯುತ್ತದೆ, ಅದನ್ನು ಊರಿನ ಲೇತ್‌ನಲ್ಲಿ ಮಾಡಿಸಲು ಸಾಧ್ಯವೇ? ಬುಷ್, ಪಿನ್, ಸ್ಕ್ರೂ ಆಗುತ್ತವೆ. ದವಡೆ ಆಗುವುದು ಕಷ್ಟ.

ಇದರ ಜೊತೆಗೆ ಏನೇನು ಬೇಕೆಂದು ಹಲವರು ಕೇಳಿದ್ದಾರೆ. ಹೊರದೇಶದ ಪೊಟ್ಟಣಗಳನ್ನು ತರಿಸುವ ಮೊದಲು ಊರಿನ ಪೇಟೆ ಸುತ್ತಿ. ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಏವನ್ ನದಿಯನ್ನು ಕಾಯುತ್ತಿದ್ದ ಫ್ರಾಂಕ್ ಸಾಯರ್ ತಮ್ಮ ಪ್ರಸಿದ್ಧ ಫೆಸೆಂಟ್ ಟೇಲ್ ಫ್ಲೈಗೆ ನೂಲನ್ನೇ ಬಳಸಲಿಲ್ಲ, ತೆಳ್ಳನೆಯ ತಾಮ್ರದ ತಂತಿಯಿಂದ ಕಟ್ಟಿದರು. ಅಂಥ ತಂತಿ ಸುಟ್ಟುಹೋದ ಸಣ್ಣ ಮೋಟಾರಿನ ಸುರುಳಿಯಲ್ಲಿ ಸಿಗುತ್ತದೆ. ನಾಟಿ ಹುಂಜದ ಕತ್ತಿನ ಗರಿ ಕೋಳಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ನುಸಿ ಹಿಡಿಯದಂತೆ ಒಂದು ವಾರ ಫ್ರೀಜರಿನಲ್ಲಿಡಿ.

ಕಾಡುಕೋಳಿಯ ಗರಿಯನ್ನು ಮಾತ್ರ ಮುಟ್ಟಬೇಡಿ. ನಮ್ಮ ತೋಟದ ಅಂಚಿನಲ್ಲಿ ಬೆಳಗಿನ ಜಾವ ಕೂಗುವ ಈ ಹಕ್ಕಿಯ ಕತ್ತಿನ ಗರಿಗಳ ಮೇಲೆ ಮೇಣ ಮೆತ್ತಿದಂತೆ ಹೊಳೆಯುವ ಚುಕ್ಕೆಗಳಿವೆ. ವಿಕ್ಟೋರಿಯಾ ಕಾಲದ ಬ್ರಿಟನ್ನಿನ ಸಾಲ್ಮನ್ ಫ್ಲೈಗಳಲ್ಲಿ ಕಣ್ಣಾಗಿ ಹೊಳೆಯುತ್ತಿದ್ದದ್ದು ಅವೇ. ಆ ಚೆಲುವೇ ಹಕ್ಕಿಗೆ ಮುಳುವಾಯಿತು. ಈಗ ವನ್ಯಜೀವಿ ಕಾನೂನು ಅದನ್ನು ಕಾಯುತ್ತಿದೆ. ಕೊಕ್ಕೆಯ ಮೇಲೆ ಒಂದು ಬಿಳಿ ಬಣ್ಣದ ಚುಕ್ಕೆ ಇಟ್ಟರೂ ಮೀನು ಬರುತ್ತದೆ.

ಫ್ಲೈ ಕಟ್ಟಿದ ಕೈ ಒಂದಲ್ಲ ಒಂದು ದಿನ ಗಾಳದ ಕೋಲನ್ನೂ ಮಾಡಲು ಹೊರಡುತ್ತದೆ. ನನಗದು ನಾಲ್ಕನೆಯ ವರ್ಷ. ಕಾರ್ಬನ್ ನಾರಿನ ಸಿದ್ಧ ದಂಡ ತರಿಸಿ ದಾರ ಹಾಯುವ ಉಂಗುರ, ಹಿಡಿ ಕೂಡಿಸಿದ್ದು ಮೊದಲನೆಯದು, ಅದು ಸುಲಭ. ಮನಸ್ಸು ಎಳೆದದ್ದು ಬಿದಿರಿನ ಕಡೆಗೆ. ಬಿದಿರನ್ನು ಸೀಳಿ, ಆರು ಸೀಳುಗಳನ್ನು ಅರವತ್ತು ಡಿಗ್ರಿಯ ತ್ರಿಕೋನವಾಗಿ ಕೀಸಿ, ಅಂಟಿಸಿ ಷಟ್ಕೋನದ ಕೋಲು ಮಾಡುವ ವಿದ್ಯೆ ಅದು. ಇಂದು ಎಲ್ಲರೂ ಅದಕ್ಕೆ ದಕ್ಷಿಣ ಚೀನಾದ ಟಾಂಕಿನ್ ಬಿದಿರನ್ನು ಬಯಸುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆ ಅಮೆರಿಕದಲ್ಲಿ ಬೆಳೆದದ್ದು ಭಾರತದಿಂದ ಹಡಗಿನಲ್ಲಿ ಹೋದ ಕಲ್ಕತ್ತಾ ಬಿದಿರಿನ ಮೇಲೆ. ಅದು ನಮ್ಮ ಒಣಕಾಡುಗಳ ಕಿರುಬಿದಿರೇ ಎಂದು ತಿಳಿದಾಗ ಮೈ ಜುಮ್ಮೆಂದಿತು. ಪರಿಚಯದ ಮೇದಾರರೊಬ್ಬರು ಬುಟ್ಟಿಗೆ ಸೀಳುವ ಕತ್ತಿಯಲ್ಲೇ, ಗಿಣ್ಣು ದಾಟುವಾಗಲೂ ಅಗಲ ಕೆಡದಂತೆ ಇಪ್ಪತ್ತು ಸೀಳು ತೆಗೆದುಕೊಟ್ಟರು. ನಾನು ಒಂದು ವಾರ ಅಳತೆ ಹಾಕಿ ಮಾಡಲಾಗದ್ದನ್ನು ಅವರು ಮಾತಾಡುತ್ತ ಮುಗಿಸಿದರು. ನನ್ನ ಮೊದಲ ಬಿದಿರುಕೋಲು ಮರಗೆಲಸದ ಬಿಳಿ ಅಂಟಿನಿಂದಾಗಿ ಮಳೆಗಾಲದಲ್ಲಿ ಬಾಯಿಬಿಟ್ಟಿತು. ಎಪಾಕ್ಸಿ ಹಾಕಿದ ಎರಡನೆಯದು ಮೂರು ವರ್ಷದಿಂದ ಗಟ್ಟಿಯಾಗಿದೆ. ಕೆರೆಯ ಜಿಲೇಬಿ ಮೀನಿಗೆ ಅದನ್ನೇ ಒಯ್ಯುತ್ತೇನೆ.

ಉಂಗುರಗಳನ್ನು ಕೋಲಿಗೆ ಕಟ್ಟಲು ರೇಷ್ಮೆಯೇ ಬೇಕು. ಮಗ್ಗದವರಿಂದ ಉಳಿಕೆಯ ರೇಷ್ಮೆ ಹುರಿಯ ಸಣ್ಣ ಉಂಡೆಗಳನ್ನು ತಂದಿದ್ದೇನೆ. ವಾರ್ನಿಷ್ ಬಳಿದ ಕೂಡಲೇ ತೆಳು ಬಣ್ಣದ ರೇಷ್ಮೆ ಪಾರದರ್ಶಕವಾಗಿ, ಕೆಳಗಿನ ಬಿದಿರಿನ ನಾರು ಕಾಣುತ್ತದೆ. ನೈಲಾನ್‌ನಲ್ಲಿ ಆ ಸೊಗಸು ಇಲ್ಲ.

ಇಲ್ಲಿ ಹಳೆಯ ಅಗ್ಗದ ವೈಸ್‌ಗೆ ಮತ್ತೆ ಕೆಲಸ ಸಿಕ್ಕಿತು. ತಂತಿಯ ಉಂಗುರದ ಪಾದಗಳನ್ನು ಚೂಪಾಗಿ ಅರದಿಂದ ಉಜ್ಜಿ ತೆಳುವಾಗಿಸದಿದ್ದರೆ ನೂಲು ಅವುಗಳ ಮೇಲೆ ಹತ್ತುವಾಗ ಸಂದು ಬೀಳುತ್ತದೆ. ಒಳ್ಳೆಯ ದವಡೆಯ ಹತ್ತಿರ ಅರ ತರುವ ಧೈರ್ಯ ನನಗಿಲ್ಲ. ಮೆದು ಉಕ್ಕಿನ ಆ ಹಳೆಯ ದವಡೆ ಉಂಗುರವನ್ನು ಗೀರು ಬೀಳದಂತೆ ಹಿಡಿಯುತ್ತದೆ.

ಬೆಲೆಯ ಮಾತು ಉಳಿಯಿತು. ಹೊರದೇಶದಿಂದ ತರಿಸಿದ್ದರಿಂದ ಸುಂಕವೂ ಸೇರಿ ನನಗೆ ಹದಿನಾಲ್ಕು ಸಾವಿರ ರೂಪಾಯಿ ಬಿತ್ತು. ತಿಂಗಳಿಗೆ ನಾಲ್ಕು ಫ್ಲೈ ಕಟ್ಟುವವರಿಗೆ ಇಷ್ಟು ಖರ್ಚು ಬೇಡವೆಂದೇ ಹೇಳುತ್ತೇನೆ. ವಾರಕ್ಕೆ ಎರಡು ಸಂಜೆ ಕುಳಿತುಕೊಳ್ಳುವವರು ಕೊಳ್ಳಲಿ, ಮೇಜಿಗೆ ಕಚ್ಚಿಸುವ ಮಾದರಿ ಬಿಟ್ಟು ಭಾರದ ಪೀಠದ್ದನ್ನೇ ಕೊಳ್ಳಲಿ. ನಮ್ಮ ಹಳೆಯ ಮನೆಗಳ ಮೇಜಿನ ದಪ್ಪ ಹಲಗೆಗೆ ಆ ಕ್ಲ್ಯಾಂಪ್ ಬಾಯಿ ಸಾಲುವುದಿಲ್ಲ. ಈ ತಿಂಗಳು ನನ್ನದರ ದವಡೆಯ ಸವೆದ ತುದಿಯನ್ನು ಎಣ್ಣೆಕಲ್ಲಿನ ಮೇಲೆ ನಾಲ್ಕೈದು ಎಳೆತ ಎಳೆದು ಸಮ ಮಾಡಿದ್ದೇನೆ. ನಿನ್ನೆ ಸಂಜೆ ಹದಿನಾರನೇ ನಂಬರಿನ ಹನ್ನೆರಡು ಕೊಕ್ಕೆ ಹಿಡಿಸಿದೆ, ಜಾರಿದ್ದು ಒಂದೇ.