ಹುಲ್ಲಿನ ಚೀಲದ ಬಿಳಿ ಎಳೆ ಯಾರದು? ಅಣಬೆ ಬೆಳೆಸುವವರ ಕಣ್ಣಿನಿಂದ ಸೂಕ್ಷ್ಮದರ್ಶಕ ಮತ್ತು ಕ್ಯಾಮೆರಾಗಳ ಹೋಲಿಕೆ

ಆಯ್ಸ್ಟರ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುವ ಚಿಪ್ಪು ಅಣಬೆಯನ್ನು ಮನೆಯಲ್ಲಿ ಬೆಳೆಸುವವರಿಗೆಲ್ಲ ಒಂದು ಗೊಂದಲ ಎದುರಾಗುತ್ತದೆ. ಬೀಜ (ಧಾನ್ಯದ ಮೇಲೆ ಬೆಳೆಸಿದ ಅಣಬೆಯ ಎಳೆ) ಬೆರೆಸಿ ಕಟ್ಟಿದ ಹುಲ್ಲಿನ ಚೀಲದೊಳಗೆ ಕೆಲವೇ ದಿನಗಳಲ್ಲಿ ಬಿಳಿ ಹರಡತೊಡಗುತ್ತದೆ. ಅದು ಅಣಬೆಯ ಬಿಳಿಯೋ, ನಾಳೆ ಹಸಿರಾಗಲಿರುವ ಟ್ರೈಕೊಡರ್ಮಾ ಬೂಸ್ಟಿನ ಬಿಳಿಯೋ? ಮೊದಲ ದಿನಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಹಸಿರು ಬಂದ ಮೇಲೆ ಗುರುತಿಸಿ ಹೆಚ್ಚು ಪ್ರಯೋಜನವಿಲ್ಲ. ಅಷ್ಟರಲ್ಲಿ ಬೂಸ್ಟಿನ ಬೀಜಾಣುಗಳು ಗಾಳಿಗೆ ಸೇರಿ ಪಕ್ಕದ ಚೀಲಗಳನ್ನೂ ಮುಟ್ಟಿರುತ್ತವೆ.

ಉತ್ತರ ಸೂಕ್ಷ್ಮದರ್ಶಕದಡಿ ಸಿಗುತ್ತದೆ. ಚಿಪ್ಪು ಅಣಬೆಯ ಎಳೆಯಲ್ಲಿ ಅಡ್ಡಗೋಡೆ ಬಂದ ಕಡೆಯಲ್ಲೆಲ್ಲ ಪಕ್ಕಕ್ಕೆ ಒಂದು ಪುಟ್ಟ ಉಬ್ಬು ಇರುತ್ತದೆ. ಅದು ಅಕ್ಕಪಕ್ಕದ ಎರಡು ಕೋಶಗಳನ್ನು ಬೆಸೆಯುವ ಕೊಂಡಿ. ಪ್ರತಿ ಕೋಶಕ್ಕೂ ಎರಡು ಭಿನ್ನ ಕೋಶಕೇಂದ್ರಗಳನ್ನು ತಪ್ಪದೆ ಹಂಚುವ ಕೆಲಸ ಅದರದು. ಟ್ರೈಕೊಡರ್ಮಾ ಬೇರೆ ವರ್ಗದ ಶಿಲೀಂಧ್ರವಾದ್ದರಿಂದ ಅದರ ಎಳೆಯಲ್ಲಿ ಕೊಂಡಿ ಇರುವುದೇ ಇಲ್ಲ. ಎಳೆಯ ದಪ್ಪ ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗ. ಕೊಂಡಿ ಅದಕ್ಕಿಂತಲೂ ಸಣ್ಣದು. ಹಾಗಾಗಿ ನಾನು ಬಳಸಿ ನೋಡಿದ ಸಲಕರಣೆಗಳನ್ನೆಲ್ಲ ಒಂದೇ ಅಳತೆಗೋಲಿನಿಂದ ಅಳೆದಿದ್ದೇನೆ: ಚಿತ್ರದಲ್ಲಿ ಕೊಂಡಿ ಕಾಣುತ್ತದೆಯೇ?

ಮೊದಲು ಚೀಲದ ವಿಷಯವನ್ನು ಮುಗಿಸಿಬಿಡುತ್ತೇನೆ, ಏಕೆಂದರೆ ಬೂಸ್ಟಿನ ಪ್ರಶ್ನೆ ಹುಟ್ಟುವುದೇ ಹುಲ್ಲನ್ನು ಹದ ಮಾಡುವಲ್ಲಿ. ಬೀಜ ಎಲ್ಲಿ ಸಿಗುತ್ತದೆ ಎಂದು ಬೆಂಗಳೂರಿನ ಗೆಳೆಯರು ಕೇಳುತ್ತಿರುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೂ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲೂ ಒಳ್ಳೆಯ ಬೀಜ ದೊರೆಯುತ್ತದೆ. ಹುಲ್ಲನ್ನು ಹದ ಮಾಡಲು ಮೂರು ದಾರಿಗಳಿವೆ. ನೆನೆಸಿದ ಭತ್ತದ ಹುಲ್ಲನ್ನು 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಡುವುದು ಮೊದಲನೆಯದು. ತಣ್ಣನೆಯ ಸುಣ್ಣದ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸುವುದು ಎರಡನೆಯದು. ನೂರು ಲೀಟರ್ ನೀರಿಗೆ ಬೂಸ್ಟುನಾಶಕ ಕಾರ್ಬೆಂಡಜಿಮ್ 7.5 ಗ್ರಾಂ ಮತ್ತು ಫಾರ್ಮಲಿನ್ 125 ಮಿಲಿಲೀಟರ್ ಬೆರೆಸಿ, ಅದರಲ್ಲಿ ಹುಲ್ಲನ್ನು ಸುಮಾರು 18 ಗಂಟೆ ನೆನೆಸುವುದು ಮೂರನೆಯದು.

ಮೂರನೆಯ ದಾರಿಯನ್ನು ದೊಡ್ಡ ಬೆಳೆಗಾರರು ಅನುಸರಿಸುತ್ತಾರೆ. ನಾನು ಅದನ್ನು ಮನೆಯೊಳಗೆ ತರಲಿಲ್ಲ, ತರುವುದೂ ಇಲ್ಲ. ಫಾರ್ಮಲಿನ್ನಿನ ಆವಿ ಕಣ್ಣು, ಗಂಟಲುಗಳನ್ನು ಸುಡುತ್ತದೆ, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಮಕ್ಕಳು, ವೃದ್ಧರು ಇರುವ ಮನೆಯ ಬಚ್ಚಲಿಗೆ ಅದು ಸಲ್ಲದು. ಸುಣ್ಣ ಅಗ್ಗ, ಗ್ಯಾಸ್ ಖರ್ಚಿಲ್ಲ. ಆದರೆ ಅದು ಕೆಲಸ ಮಾಡುವುದು ತನ್ನ ಕಟು ಕ್ಷಾರದಿಂದ. ತೆರೆದಿಟ್ಟ ಹಳೆಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬರೀ ಸೀಮೆಸುಣ್ಣದ ಪುಡಿಯಂತಾಗಿರುತ್ತದೆ, ಆಗ ಹುಲ್ಲು ನೆನೆದದ್ದಷ್ಟೇ ಲಾಭ. ನಾಲ್ಕೈದು ಚೀಲ ಕಟ್ಟುವವರಿಗೆ ಬಿಸಿನೀರೇ ಸರಿ ಎಂದು ನಾನು ದೃಢವಾಗಿ ಹೇಳುತ್ತೇನೆ. ನನ್ನ ಚೀಲಗಳಲ್ಲಿ ಬಿಸಿನೀರಿನ ಹುಲ್ಲಿನ ಮೇಲೆ ಎಳೆಗಳು ಬೇಗ ಹರಡಿದವು, ಹಸಿರು ಬೂಸ್ಟು ಕಡಿಮೆ ಬಂತು. ಹಬೆಯಾಡುವ ಹುಲ್ಲನ್ನು ಚೆನ್ನಾಗಿ ಬಸಿದು, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಂತೆ ಆರಿಸಬೇಕು. ಈ ಒಂದು ಹೆಜ್ಜೆಯನ್ನು ಅವಸರಿಸಿದರೆ ಯಾವ ದಾರಿಯಾದರೂ ಒಂದೇ.

ಯಾವ ಅಣಬೆ? ಚಿಪ್ಪು ಅಣಬೆಯಲ್ಲಿ ಫ್ಲೋರಿಡಾ ಎಂಬ ಬಿಳಿಯ ತಳಿ ಬೆಂಗಳೂರಿನ ಹವೆಗೆ ಹೊಂದುತ್ತದೆ. ಗುಲಾಬಿ ಬಣ್ಣದ ತಳಿ ಬೇಗ ಬೆಳೆಯುತ್ತದೆ, ಸೆಕೆಯನ್ನೂ ತಾಳುತ್ತದೆ, ಆದರೆ ಕೊಯ್ದ ಮೇಲೆ ಬೇಗ ಕೆಡುತ್ತದೆ. ಹಾಲು ಅಣಬೆ ಕೊಯ್ದ ಮೇಲೆ ಹಲವು ದಿನ ಗಟ್ಟಿಯಾಗಿ ಉಳಿಯುತ್ತದೆ. ಅದಕ್ಕೆ 30ರಿಂದ 35 ಡಿಗ್ರಿ ಬಿಸಿಯೂ ಚೀಲದ ಮೇಲೆ ಮಣ್ಣಿನ ಹೊದಿಕೆಯೂ ಬೇಕಾದ್ದರಿಂದ ಕರಾವಳಿಯವರಿಗೆ, ಬಯಲುಸೀಮೆಯ ಬೇಸಿಗೆಗೆ ಅದು ಚೆನ್ನ. ಸೂಕ್ಷ್ಮದರ್ಶಕದ ಹವ್ಯಾಸವಿರುವವರು ಫ್ಲೋರಿಡಾದಿಂದಲೇ ಆರಂಭಿಸಲಿ. ಅದರ ಛತ್ರವನ್ನು ಗಾಜಿನ ಮೇಲೆ ಒಂದು ರಾತ್ರಿ ಮಗುಚಿಟ್ಟರೆ ದಟ್ಟವಾದ ಬಿಳಿಯ ಬೀಜಾಣುಗಳು ಉದುರಿ ಬಿದ್ದಿರುತ್ತವೆ. ಇಷ್ಟೊಂದು ಬೀಜಾಣು ಉದುರುವುದರಲ್ಲಿ ಅಪಾಯವೂ ಇದೆ. ದಿನವೂ ಅದನ್ನು ಉಸಿರಾಡುವ ಬೆಳೆಗಾರರಿಗೆ ಶ್ವಾಸಕೋಶದ ಅಲರ್ಜಿ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಛತ್ರದ ಅಂಚು ಪೂರ್ತಿ ಚಪ್ಪಟೆಯಾಗುವ ಮೊದಲೇ ಕೊಯ್ಯಿರಿ, ಮಲಗುವ ಕೋಣೆಯಲ್ಲಿ ಚೀಲ ತೂಗಬೇಡಿ.

ಇನ್ನು ಸಲಕರಣೆ. ನಾನು ಬಳಸಿದ್ದು ಮೂರು: ಕಾಗದದ ಫೋಲ್ಡ್‌ಸ್ಕೋಪ್, ಸಾಮಾನ್ಯ ಸಂಯುಕ್ತ ಸೂಕ್ಷ್ಮದರ್ಶಕದ ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ಹಿಡಿಕೆಯಿಂದ ಜೋಡಿಸಿದ ಮೊಬೈಲ್, ಅದೇ ಸೂಕ್ಷ್ಮದರ್ಶಕದಲ್ಲಿ ಐಪೀಸ್ ತೆಗೆದು ಕೂರಿಸುವ ಐದು ಮೆಗಾಪಿಕ್ಸೆಲ್ ಯುಎಸ್‌ಬಿ ಕ್ಯಾಮೆರಾ.

ಫೋಲ್ಡ್‌ಸ್ಕೋಪ್ ಸ್ಟ್ಯಾನ್‌ಫರ್ಡಿನಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿದ ಮಡಚುವ ಸೂಕ್ಷ್ಮದರ್ಶಕ. ಅದರ ಬಗೆಗಿನ ಪ್ರಬಂಧ 2014ರಲ್ಲಿ ಪ್ರಕಟವಾಯಿತು. ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ಎರಡು ಮೈಕ್ರಾನಿನಷ್ಟು ವಿವರ ಬಿಡಿಸುತ್ತದೆ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವಾಗ ಜೇಬಿನಲ್ಲಿ ಇದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ಬೂಸ್ಟಿನ ತಲೆಗಳು, ಅಣಬೆಯ ಪದರದ ಅಂಚು, ಎಳೆಗಳ ಹೆಣಿಗೆ ಎಲ್ಲವೂ ಕಾಣುತ್ತವೆ. ಮಕ್ಕಳ ಕೈಗೆ ಕೊಟ್ಟರೆ ಅವರ ಮುಖ ಅರಳುತ್ತದೆ. ಚಿಪ್ಪು ಅಣಬೆಯ ಬೀಜಾಣು ಉದ್ದದಲ್ಲಿ ಎಂಟು ಹತ್ತು ಮೈಕ್ರಾನ್ ಇರುವುದರಿಂದ ಸಣ್ಣ ಕಡ್ಡಿಯ ಚೂರುಗಳಂತೆ ತೋರುತ್ತದೆ. ಆದರೆ ಕೊಂಡಿ ಮಾತ್ರ ಸಿಗಲಿಲ್ಲ. ಎಲ್ಲಿ ಕೊಂಡಿ ಇರಬೇಕೋ ಅಲ್ಲಿ ಎಳೆ ತುಸು ದಪ್ಪಗಾದಂತೆ ಅನ್ನಿಸುತ್ತದೆ, ಅಷ್ಟೇ. ಆ ಅನ್ನಿಸಿಕೆಯ ಮೇಲೆ ಒಂದು ಚೀಲವನ್ನು ಎಸೆಯುವ ತೀರ್ಮಾನ ಮಾಡಲಾಗದು.

ಸಂಯುಕ್ತ ಸೂಕ್ಷ್ಮದರ್ಶಕದ 40 ಪಟ್ಟಿನ ಮಸೂರಕ್ಕೆ ಸಾಮಾನ್ಯವಾಗಿ 0.65 ಎಂಬ ಅಂಕಿ ಕೆತ್ತಿರುತ್ತದೆ. ಅದು ಎಷ್ಟು ಅಗಲದ ಬೆಳಕಿನ ಕೋನವನ್ನು ಮಸೂರ ಹಿಡಿಯುತ್ತದೆ ಎಂಬುದರ ಅಳತೆ. ಹಸಿರು ಬೆಳಕಿನಲ್ಲಿ ಆ ಮಸೂರ ಸುಮಾರು ಅರ್ಧ ಮೈಕ್ರಾನ್ ವಿವರ ಬಿಡಿಸುತ್ತದೆ. ಕೊಂಡಿಗೆ ಅಷ್ಟು ಸಾಕು. ಇಲ್ಲಿಂದ ಮುಂದೆ ಸ್ಪರ್ಧೆ ಮೊಬೈಲಿಗೂ ಯುಎಸ್‌ಬಿ ಕ್ಯಾಮೆರಾಗೂ.

ಅಂಗಡಿಯವರು ಹೆಚ್ಚು ಮೆಗಾಪಿಕ್ಸೆಲ್ ಇರುವ ಕ್ಯಾಮೆರಾ ಮಾರಲು ನೋಡುತ್ತಾರೆ. ಲೆಕ್ಕ ಹಾಕಿ ನೋಡಿ. ಇಂಥ ಐದು ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ, ಬೆಳಕನ್ನು ಹಿಡಿಯುವ ಸಂವೇದಕದ ಒಂದೊಂದು ಬಿಂದುವಿನ (ಪಿಕ್ಸೆಲ್ಲಿನ) ಅಗಲ 2.2 ಮೈಕ್ರಾನ್. 40 ಪಟ್ಟು ಹಿಗ್ಗಿದ ಚಿತ್ರದಲ್ಲಿ ಅದು ವಸ್ತುವಿನ 0.055 ಮೈಕ್ರಾನಿಗೆ ಸಮ. ಮಸೂರ ಬಿಡಿಸುವುದೇ ಅರ್ಧ ಮೈಕ್ರಾನ್ ಆಗಿರುವಾಗ ಬಿಂದುಗಳು ಆಗಲೇ ಬೇಕಾದ್ದಕ್ಕಿಂತ ಎಷ್ಟೋ ನವಿರಾಗಿವೆ. ಹೆಚ್ಚುವರಿ ಮೆಗಾಪಿಕ್ಸೆಲ್ಲಿಗೆ ಕೊಡುವ ಹಣದಿಂದ ಕೊಂಡಿ ಒಂದಿಷ್ಟೂ ಸ್ಪಷ್ಟವಾಗದು. ಅದೇ ಸಂವೇದಕ 5.7 ಮಿಲಿಮೀಟರ್ ಅಗಲವಿರುವುದರಿಂದ ತೆರೆಯ ಮೇಲೆ ಬರುವುದು 140 ಮೈಕ್ರಾನ್ ಅಗಲದ ತುಣುಕು ಮಾತ್ರ. ಕಣ್ಣಿಟ್ಟು ನೋಡುವಾಗ ಐಪೀಸಿನಲ್ಲಿ ಕಾಣುವುದು ಸುಮಾರು 450 ಮೈಕ್ರಾನ್. ಕೊಂಡಿ ಹುಡುಕಲು ಎಳೆಯ ಜಾಡು ಹಿಡಿದು ಸಾಗಬೇಕು. ಕಿರಿದಾದ ಕಿಂಡಿಯಲ್ಲಿ ಅದು ಮತ್ತೆ ಮತ್ತೆ ತಪ್ಪಿಹೋಗುತ್ತದೆ. ಚಿತ್ರವನ್ನು ಅರ್ಧಕ್ಕೆ ಕುಗ್ಗಿಸುವ ಮಸೂರವನ್ನು ಕ್ಯಾಮೆರಾದ ಮುಂದೆ ಕೂರಿಸಿದ ಮೇಲೆ ಕೆಲಸ ಎಷ್ಟೋ ಹಗುರವಾಯಿತು. ಆ ಮಸೂರ ಜೊತೆಗೆ ಬರದಿದ್ದರೆ ಯುಎಸ್‌ಬಿ ಕ್ಯಾಮೆರಾ ಕೊಳ್ಳಲೇಬೇಡಿ.

ಮೊಬೈಲಿನಲ್ಲಿ ಐಪೀಸ್ ತೋರಿಸುವ ಇಡೀ ವೃತ್ತ ಸಿಗುತ್ತದೆ. ಜಾಡು ಹಿಡಿಯುವುದು ಸುಲಭ, ವಿಡಿಯೋ ಮಾಡುತ್ತಾ ಸೂಕ್ಷ್ಮ ತಿರುಗಣೆಯನ್ನು ನಿಧಾನವಾಗಿ ತಿರುಗಿಸಿದರೆ ಎಳೆಯ ಆಳ ಅಗಲಗಳೆಲ್ಲ ದಾಖಲಾಗುತ್ತವೆ. ಹಿಡಿಕೆ ಗಟ್ಟಿಯಾಗಿರಬೇಕು. ಕೈಯಲ್ಲಿ ಹಿಡಿದು ತೆಗೆದ ಚಿತ್ರ ಒಂದು ಬದಿಯಲ್ಲಿ ಕಪ್ಪಾಗಿಯೇ ಬರುತ್ತದೆ. ಬೆಳಕು, ಫೋಕಸ್ ಎರಡನ್ನೂ ಬೀಗ ಹಾಕಿದಂತೆ ಸ್ಥಿರಗೊಳಿಸಬೇಕು. ನನ್ನನ್ನು ನಿಜಕ್ಕೂ ಕಾಡಿದ್ದು ಮೊಬೈಲಿನ ಅತಿಜಾಣತನ. ಅದು ಚಿತ್ರವನ್ನು ತಾನಾಗಿ ಹರಿತಗೊಳಿಸುತ್ತದೆ. ಬೀಜಾಣುವಿನ ಸುತ್ತ ಇಲ್ಲದ ಅಂಚು, ಎಳೆಯ ಪಕ್ಕದಲ್ಲಿ ಇಲ್ಲದ ಗೆರೆ ಮೂಡುತ್ತವೆ. ಕೊಂಡಿಯಂಥ ಸಣ್ಣ ಉಬ್ಬಿನ ಮೇಲೆ ತೀರ್ಪು ಕೊಡುವಾಗ ಇದು ಸಣ್ಣ ವಿಷಯವಲ್ಲ. ಹಲವು ಚಿತ್ರಗಳನ್ನು ತಾನಾಗಿ ಬೆರೆಸುವ ಎಚ್‌ಡಿಆರ್ ನಿಲ್ಲಿಸಿ, ಸಂಸ್ಕರಿಸದ ಕಡತ ಉಳಿಸುವ ಪ್ರೊ ವಿಧಾನದಲ್ಲಿ ತೆಗೆದರೆ ಆ ಸುಳ್ಳು ಗೆರೆಗಳು ಇಲ್ಲವಾಗುತ್ತವೆ.

ಅಳತೆಯಲ್ಲಿ ಯುಎಸ್‌ಬಿ ಕ್ಯಾಮೆರಾ ನಿಸ್ಸಂಶಯವಾಗಿ ಗೆಲ್ಲುತ್ತದೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದ ಗೆರೆಗಳಿರುವ ಅಳತೆ ಸ್ಲೈಡನ್ನು ಪ್ರತಿ ಮಸೂರದಡಿ ಒಮ್ಮೆ ಚಿತ್ರಿಸಿಟ್ಟರೆ ಆಯಿತು. ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮೊಬೈಲಿನಲ್ಲಿ ಜೂಮ್ ತುಸು ಬದಲಾದರೂ, ಹಿಡಿಕೆ ತುಸು ಜರುಗಿದರೂ ಹಳೆಯ ಅಳತೆ ಕೆಲಸಕ್ಕೆ ಬಾರದು. ಆದ್ದರಿಂದ ನನ್ನ ಆಯ್ಕೆ ಹೀಗೆ ಒಡೆದುಹೋಗಿದೆ: ಹುಡುಕಲು, ಗುರುತಿಸಲು ಮೊಬೈಲ್, ಬೀಜಾಣು ಅಳೆಯಲು ಯುಎಸ್‌ಬಿ. ಒಂದನ್ನೇ ಕೊಳ್ಳಬೇಕು ಎನ್ನುವವರು ಈಗಿರುವ ಮೊಬೈಲಿಗೆ ಒಳ್ಳೆಯ ಹಿಡಿಕೆ ಕೊಳ್ಳಲಿ, ಮಿಕ್ಕ ಹಣವನ್ನು ಸೂಕ್ಷ್ಮದರ್ಶಕಕ್ಕೇ ಹಾಕಲಿ. ಸ್ಲೈಡಿನ ಕೆಳಗಿನಿಂದ ಬೆಳಕನ್ನು ಕೂಡಿಸಿ ಕೊಡುವ, ಏರಿಸಿ ಇಳಿಸಬಹುದಾದ ಕಂಡೆನ್ಸರ್, ಅದರಲ್ಲಿ ಕಿರಿದು ಹಿರಿದು ಮಾಡಬಹುದಾದ ಬೆಳಕಿನ ಕಂಡಿ ಇವೆರಡೂ ಇಲ್ಲದ ಸೂಕ್ಷ್ಮದರ್ಶಕಕ್ಕೆ ಯಾವ ಕ್ಯಾಮೆರಾ ಹಾಕಿದರೂ ವ್ಯರ್ಥ. ಬಣ್ಣವಿಲ್ಲದ ಎಳೆಗಳು ನೀರಿನಲ್ಲಿ ಬಹುತೇಕ ಅದೃಶ್ಯ. ಕಂಡಿಯನ್ನು ಕಿರಿದು ಮಾಡಿದಷ್ಟೂ ಅವು ಎದ್ದು ಕಾಣುತ್ತವೆ, ಆದರೆ ನವಿರು ವಿವರ ಕರಗುತ್ತದೆ. ಕಂಡೆನ್ಸರಿನ ಕೆಳಗೆ ಕಪ್ಪು ಕಾಗದದ ತುಂಡೊಂದನ್ನು ಅರ್ಧ ಭಾಗಕ್ಕೆ ಅಡ್ಡ ಹಿಡಿದರೆ ಬೆಳಕು ಓರೆಯಾಗಿ ಬಂದು ಎಳೆಗಳು ಉಬ್ಬುಶಿಲ್ಪದಂತೆ ಮೇಲೇಳುತ್ತವೆ. ಕಾಸು ಖರ್ಚಿಲ್ಲದ ಈ ಉಪಾಯ ನನಗೆ ಯಾವ ಕ್ಯಾಮೆರಾಕ್ಕಿಂತಲೂ ಹೆಚ್ಚು ಕೊಂಡಿಗಳನ್ನು ತೋರಿಸಿದೆ.

ಸ್ಲೈಡಿನ ಮೇಲೆ ಯಾವ ದ್ರವ? ಬೀಜಾಣು ನೋಡಲು ನೀರೇ ಸಾಕು. ನಿಜವಾದ ಬಣ್ಣ ಕಾಣುತ್ತದೆ, ಬೇಗ ಒಣಗುತ್ತದೆ ಎಂಬುದೊಂದೇ ಕೊರತೆ. ಎಳೆಗಳು ನೀರನ್ನು ಹತ್ತಿರ ಸೇರಿಸುವುದಿಲ್ಲ, ಗಾಳಿಗುಳ್ಳೆಗಳು ಸುತ್ತಿಕೊಂಡು ಏನೂ ಕಾಣದಂತಾಗುತ್ತದೆ. ಮೊದಲು ಒಂದು ಹನಿ ಸ್ಪಿರಿಟ್ ಹಾಕಿ, ಅದು ಹಬ್ಬಿದ ಮೇಲೆ ನೀರನ್ನೋ ಬಣ್ಣವನ್ನೋ ಸೇರಿಸಬೇಕು. ಕಾಲೇಜು ಪ್ರಯೋಗಾಲಯಗಳಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಲ್ಯಾಕ್ಟೊಫೀನಾಲ್ ಕಾಟನ್ ಬ್ಲೂ ಬೂಸ್ಟುಗಳಿಗೆ ಹೇಳಿಮಾಡಿಸಿದ್ದು. ಟ್ರೈಕೊಡರ್ಮಾದ ಹೂಜಿಯಾಕಾರದ ಕೋಶಗಳೂ ಅವುಗಳ ತುದಿಯ ದುಂಡು ಬೀಜಾಣುಗಳೂ ಅದರಲ್ಲಿ ನಿಚ್ಚಳ. ಕೊಂಡಿಗೆ ನಾನು ಮೆಚ್ಚುವುದು ಅಮೋನಿಯಾದಲ್ಲಿ ಕರಗಿಸಿದ ಕಾಂಗೋ ರೆಡ್. ಕೋಶಗಳ ಗೋಡೆ ಮಾತ್ರ ಕೆಂಪಾಗುವುದರಿಂದ ಉಬ್ಬಿನ ಆಕಾರ, ಅದರ ಬುಡದ ಅಡ್ಡಗೋಡೆ ಎರಡೂ ಗೆರೆ ಎಳೆದಂತೆ ಬರುತ್ತವೆ. ಒಂದರಲ್ಲಿ ಚರ್ಮ ಸುಡುವ ಫೀನಾಲ್ ಇದೆ, ಇನ್ನೊಂದು ವಿಷಕಾರಿ ಬಣ್ಣ. ಕೈಗವಸು ಹಾಕಿಕೊಳ್ಳಿ, ಅಡುಗೆಮನೆಯ ಕಟ್ಟೆಯನ್ನು ಈ ಕೆಲಸಕ್ಕೆ ಬಳಸಬೇಡಿ.

ದ್ರವವನ್ನೇ ಹಾಕಬಾರದ ಒಂದು ಸಂದರ್ಭವನ್ನು ಹೇಳದೆ ಇರಲಾರೆ. ಚಿಪ್ಪು ಅಣಬೆ ಬೇಟೆಗಾರನೂ ಹೌದು. ಅದರ ಎಳೆಗಳ ಮೇಲಿನ ಪುಟ್ಟ ವಿಷದ ಗೋಳಗಳು ಸೋಕಿದ ದುಂಡುಹುಳುಗಳನ್ನು ನಿಶ್ಚೇಷ್ಟಗೊಳಿಸುತ್ತವೆ, ಎಳೆಗಳು ಅವುಗಳ ಮೈಹೊಕ್ಕು ತಿನ್ನುತ್ತವೆ. ಶಿಲೀಂಧ್ರ ವಿಜ್ಞಾನಿಗಳಾದ ಥಾರ್ನ್ ಮತ್ತು ಬ್ಯಾರನ್ 1984ರಲ್ಲಿ ಇದನ್ನು ಪ್ರಕಟಿಸಿದರು. ಮುಟ್ಟಿದರೆ ಒಡೆಯುವ ಗೋಳಗಳಿವು. ಪೋಷಕಾಂಶ ಕಡಿಮೆಯಿರುವ ಅಗರ್ (ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸುವ ಲೋಳೆ) ಮೇಲೆ ಬೆಳೆಸಿದ ಎಳೆಗಳನ್ನು ಕವರ್ ಗ್ಲಾಸ್ ಹಾಕದೆ, ದ್ರವವನ್ನೂ ಹಾಕದೆ, 10 ಪಟ್ಟಿನ ಮಸೂರದಡಿ ನೋಡಬೇಕು, ಚುಕ್ಕಿಗಳಾಗಿ ಹೊಳೆಯುತ್ತವೆ. ಇದಕ್ಕೂ ಮೊಬೈಲೇ ಮೇಲು.

ಚೀಲದ ಪ್ರಶ್ನೆಗೆ ಮರಳಿದರೆ, ಕೊಂಡಿಯ ಸಾಕ್ಷ್ಯಕ್ಕೆ ಒಂದು ಮಿತಿಯಿದೆ ಎಂಬುದನ್ನು ಮರೆಯಬಾರದು. ಹಲವಾರು ಅಡ್ಡಗೋಡೆಗಳನ್ನು ನೋಡಿದರೂ ಒಂದು ಕೊಂಡಿಯೂ ಸಿಗದಿದ್ದರೆ ಆ ಬಿಳಿ ನಮ್ಮ ಅಣಬೆಯದಲ್ಲ. ಚೀಲವನ್ನು ಕೋಣೆಯಿಂದ ಹೊರಗೆ ಒಯ್ಯಿರಿ. ಕೊಂಡಿ ಸಿಕ್ಕ ಮಾತ್ರಕ್ಕೆ ಅದು ಚಿಪ್ಪು ಅಣಬೆಯೇ ಎಂದೇನಲ್ಲ. ಹುಲ್ಲಿನಲ್ಲಿ ತಾನಾಗಿ ಬೆಳೆಯುವ ಮಸಿ ಅಣಬೆಯ ಎಳೆಗಳಲ್ಲೂ ಕೊಂಡಿ ಇರುತ್ತದೆ. ಇವೆರಡನ್ನು ಬೇರ್ಪಡಿಸಲು ಛತ್ರ ಮೂಡುವವರೆಗೆ ಕಾಯಲೇಬೇಕು. ಸಣಕಲು ಕಾಂಡದ ಮೇಲೆ ಗಂಟೆಯಾಕಾರದ ಟೋಪಿ ಕಂಡ ತಕ್ಷಣ, ಅದು ಕಪ್ಪು ಮಸಿಯಾಗಿ ಕರಗುವ ಮೊದಲೇ ಕಿತ್ತು, ಒಂದನ್ನು ಮಾತ್ರ ಸ್ಲೈಡಿಗಾಗಿ ಉಳಿಸಿಕೊಳ್ಳಿ. ಅದರ ಕಪ್ಪು ಬೀಜಾಣುಗಳು ಯಾವ ಬಣ್ಣವನ್ನೂ ಹಾಕದೆ ನೀರಿನಲ್ಲೇ ಚೆನ್ನಾಗಿ ಕಾಣುತ್ತವೆ.