ಏಳು ವರ್ಷದ ಗಿರಾಕಿ ನಾನು, ಆದರೂ ವ್ಯಾಲೆಟ್ ಖಾಲಿ ಇಟ್ಟಿದ್ದೇನೆ

ಕಂಪ್ಯೂಟರ್ ಗೇಮ್ ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿ ಏಳು ವರ್ಷದಿಂದ ನನ್ನ ಖಾತೆ ಇದೆ. ಹೆಸರು ಬೇಡ ಬಿಡಿ. ಈವರೆಗೆ 71 ಗೇಮ್ ಕೊಂಡಿದ್ದೇನೆ, ಈಗಲೂ ಕೊಳ್ಳುತ್ತೇನೆ. ಹಾಗಾಗಿ ಇದು ಸಿಟ್ಟಿನಲ್ಲಿ ಬರೆದದ್ದಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಇಲ್ಲಿನ ಗೇಮ್‌ಗಳಿಗೆ ಡಿಆರ್‌ಎಂ ಬೀಗ, ಅಂದರೆ ಕೊಂಡದ್ದನ್ನು ಮನಬಂದಂತೆ ಕಾಪಿ ಮಾಡಿ ಬಳಸದಂತೆ ತಡೆಯುವ ವ್ಯವಸ್ಥೆ, ಇಲ್ಲ. ಇನ್‌ಸ್ಟಾಲರ್ ಫೈಲನ್ನೇ ಇಳಿಸಿ ಇಟ್ಟುಕೊಳ್ಳಬಹುದು. ಆಮೇಲೆ ಆಡಲು ಇಂಟರ್‌ನೆಟ್ಟೂ ಬೇಡ, ಅಂಗಡಿಯ ಅಪ್ಪಣೆಯೂ ಬೇಡ. ಎರಡು ಸಲ ರೀಫಂಡ್ ಕೇಳಿದ್ದೇನೆ, ಎರಡು ಸಲವೂ ತಕರಾರಿಲ್ಲದೆ ಬಂತು. ಸರ್ಚ್ ಮಾತ್ರ ದಂಡ. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದರೂ ಏನೂ ಇಲ್ಲ ಅನ್ನುತ್ತದೆ.

ಐದನೇ ವರ್ಷದಲ್ಲಿ ಒಂದು ಶುಕ್ರವಾರ ಸಂಜೆ ಸೈಟ್ ತೆರೆದೆ. ಅಂಗಡಿಯೇ ಇಲ್ಲ. ಬೂದು ಬಣ್ಣದ ಪುಟ, ನಡುವೆ ಮೂರು ಸಾಲು. ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ, ಭಾನುವಾರ ರಾತ್ರಿ ನಮ್ಮ ಅಂಗಡಿ ಮುಚ್ಚುತ್ತದೆ, ಅಷ್ಟರೊಳಗೆ ನಿಮ್ಮ ಗೇಮ್‌ಗಳನ್ನು ಇಳಿಸಿಕೊಳ್ಳಿ. ಕೆಳಗೆ ಒಂದೇ ಒಂದು ಲಿಂಕ್. ಏಪ್ರಿಲ್ ಒಂದನೇ ತಾರೀಕಾಗಿದ್ದರೆ ನಕ್ಕು ಮಲಗುತ್ತಿದ್ದೆ. ಆಗಿರಲಿಲ್ಲ.

ಆಗ ನನ್ನ ಹತ್ತಿರ 58 ಗೇಮ್ ಇದ್ದವು, ಇಳಿಸಿಟ್ಟುಕೊಂಡದ್ದು ಐದೋ ಆರೋ. ಎಲ್ಲರೂ ಒಟ್ಟಿಗೆ ಮುಗಿಬಿದ್ದದ್ದಕ್ಕೋ ಏನೋ, ಡೌನ್‌ಲೋಡ್ ಆಮೆ ನಡೆದಂತೆ ನಡೆಯುತ್ತಿತ್ತು. 97 ಪರ್ಸೆಂಟ್‌ಗೆ ಬಂದು ನಿಲ್ಲುವುದು, ಮತ್ತೆ ಸೊನ್ನೆಯಿಂದ ಶುರು. ರಾತ್ರಿ ಮೂರು ಗಂಟೆಗೆ ಹೆಂಡತಿ ಎದ್ದು ಬಂದು, 'ಇನ್ನೂ ಗೇಮ್ ಆಡ್ತಾ ಇದ್ದೀರಾ?' ಅಂದಳು. 'ಆಡ್ತಾ ಇಲ್ಲ ಮಾರಾಯ್ತಿ, ಉಳಿಸಿಕೊಳ್ತಾ ಇದ್ದೀನಿ' ಅಂದೆ. ಶನಿವಾರ ಹಾರ್ಡ್ ಡಿಸ್ಕ್ ತುಂಬಿತು. ಜಾಗ ಮಾಡಲು ಹಳೆಯ ವಿಡಿಯೋಗಳ ಒಂದು ಫೋಲ್ಡರ್ ಅಳಿಸಿದೆ. ಬೇರೆ ಕಡೆ ಕಾಪಿ ಇದೆ ಅಂದುಕೊಂಡಿದ್ದೆ, ಇರಲಿಲ್ಲ. ಮಗಳು ಮೊದಲ ಸಲ ಸೈಕಲ್ ಹೊಡೆದದ್ದು ಅದರಲ್ಲಿತ್ತು. ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಆ ಎರಡು ದಿನದ ಗಡಿಬಿಡಿ ನನ್ನದಲ್ಲ.

ಭಾನುವಾರ ರಾತ್ರಿ ಬೂದು ಪುಟ ಪರದೆ ಸರಿದ ಹಾಗೆ ಸರಿಯಿತು. ಹೊಸ ಬಣ್ಣ, ಹೊಸ ಲೋಗೋ, ಬಲೂನುಗಳು. 'ಹೆದರಿಬಿಟ್ರಾ? ಹಳೇ ಅಂಗಡಿ ಮುಚ್ಚಿತು, ಹೊಸದು ತೆರೆಯಿತು!' ಜೊತೆಗೆ 48 ಗಂಟೆಯ 20 ಪರ್ಸೆಂಟ್ ಕೂಪನ್. ವ್ಯಾಲೆಟ್‌ನಲ್ಲಿರುವ ನನ್ನ ದುಡ್ಡಿನ ಗತಿ ಏನು ಅಂತ ಶನಿವಾರ ಬರೆದಿದ್ದೆ. ಸೋಮವಾರ ಉತ್ತರ ಬಂತು: ಒಂದು ನಗುಮುಖ, ಮತ್ತೆ ಅದೇ ಕೂಪನ್. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಷ್ಟು ಸುಲಭವಾಗಿ ಯಾಕೆ ನಂಬಿದಿರಿ ಅಂತ ಕೇಳಬಹುದು. ನಂಬದೆ ಏನು ಮಾಡುವುದು? ಇಂಥವು ನಿಜಕ್ಕೂ ಆಗುತ್ತವೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಜನ ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳು ಆ ಜುಲೈನಿಂದ ತೆರೆಯುವುದೇ ನಿಂತಿತು. ದುಡ್ಡು ವಾಪಸ್ ಕೊಟ್ಟರು ಅನ್ನುವುದು ಬೇರೆ ಮಾತು. ತಮಾಷೆ ಅಂದರೆ ಅದನ್ನು ಅವರು ಪ್ರಕಟಿಸಿದ್ದು ಏಪ್ರಿಲ್ 2ಕ್ಕೆ! ಡಿಜಿಟಲ್ ಸಾಮಾನು ಕೊಂಡವರ ಒಳಗೆ ಈ ಭಯ ಯಾವಾಗಲೂ ಇರುತ್ತದೆ, ಅಲ್ವಾ? ಅದನ್ನೇ ಕೆರೆದು ಜಾಹೀರಾತು ಮಾಡಿಕೊಂಡರು.

ನಮ್ಮ ಅಂಗಡಿ ಇದನ್ನು ಸ್ವಂತವಾಗಿ ಕಂಡುಹಿಡಿದದ್ದೂ ಅಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಗಾಗ್ ಡಾಟ್ ಕಾಮ್ ಇಂಥದ್ದೇ ನಾಟಕ ಆಡಿತ್ತು. ಅದೂ ಡಿಆರ್‌ಎಂ ಇಲ್ಲದ ಗೇಮ್ ಮಾರುವ ಅಂಗಡಿಯೇ. ಈಗಿನ ರೂಪದಲ್ಲಿ ಮುಂದುವರಿಯಲು ಆಗುವುದಿಲ್ಲ ಅಂತ ಸೈಟ್ ಇಳಿಸಿದರು. ಕೆಲವು ದಿನ ಬಿಟ್ಟು ಸಂನ್ಯಾಸಿಗಳ ನಿಲುವಂಗಿ ತೊಟ್ಟು ಕ್ಯಾಮೆರಾ ಮುಂದೆ ಬಂದು, ಬೀಟಾ, ಅಂದರೆ ಪರೀಕ್ಷೆಯ ಹಂತ, ಮುಗಿದು ಹೊಸ ಸೈಟ್ ಬರುತ್ತಿದೆ ಅಂದರು. ಜನ ರೇಗಿದರು, ಇವರು ಕ್ಷಮೆ ಕೇಳಿದರು. ಹದಿನೈದು ವರ್ಷ ಕಳೆದರೂ ಆ ಅಂಗಡಿ ನಡೆಯುತ್ತಲೇ ಇದೆ. ಅಂದರೆ ಇಂಥ ತಪ್ಪಿನಿಂದ ಚೇತರಿಸಿಕೊಳ್ಳಬಹುದು. ನಮ್ಮವರು ಆ ಕ್ಷಮೆಯ ಭಾಗವನ್ನು ಮಾತ್ರ ಕಾಪಿ ಹೊಡೆಯಲಿಲ್ಲ.

ನನಗೆ ತಮಾಷೆ ಆಗದು ಅಂತಲ್ಲ. ಅದೇ 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಅನ್ನುವ ಗೇಮ್ ಅಂಗಡಿ, ಗ್ರಾಹಕರ ಆತ್ಮ ಇನ್ನು ನಮ್ಮದು ಅಂತ ಷರತ್ತುಗಳ ನಡುವೆ ಒಂದು ಸಾಲು ಸೇರಿಸಿತ್ತು. ಸುಮಾರು 7,500 ಮಂದಿ ಓದದೆ ಒಪ್ಪಿಬಿಟ್ಟರು. ಓದಿ ಬೇಡ ಅಂದವರಿಗೆ ವೋಚರ್ ಸಿಕ್ಕಿತು. ಅದಕ್ಕೆ ನಾನೂ ನಕ್ಕಿದ್ದೇನೆ. ಅಲ್ಲಿ ಯಾರೂ ನಿದ್ದೆಗೆಡಲಿಲ್ಲ.

ಸಿಟ್ಟು ವಾರದಲ್ಲಿ ಇಳಿಯಿತು. ನಿಜವಾದ ಪೆಟ್ಟು ಗೊತ್ತಾದದ್ದು ಎಂಟು ತಿಂಗಳಾದ ಮೇಲೆ. ಯಾರೋ ನಮ್ಮ ಲಾಗಿನ್ ವ್ಯವಸ್ಥೆಗೆ ಕೈ ಹಾಕಿದ್ದಾರೆ, ಪಾಸ್‌ವರ್ಡ್ ಬದಲಿಸಿ ಅಂತ ಅಂಗಡಿಯಿಂದ ಮೇಲ್ ಬಂತು. ಇನ್ನೊಂದು ಗಿಮಿಕ್ ಇರಬೇಕು, ಕೆಳಗೆಲ್ಲೋ ಕೂಪನ್ ಇರುತ್ತದೆ ಅಂದುಕೊಂಡು ಪೂರ್ತಿ ಓದಲೇ ಇಲ್ಲ. ಮೂರು ವಾರ ಬಿಟ್ಟು ಗೆಳೆಯನೊಬ್ಬ, 'ನೀನು ಬದಲಿಸಿದೆಯಾ?' ಅಂತ ಕೇಳಿದಾಗಲೇ ಅದು ನಿಜ ಅಂತ ಗೊತ್ತಾದದ್ದು. ನನ್ನ ಖಾತೆಗೆ ಏನೂ ಆಗಿರಲಿಲ್ಲ. ಸುಮ್ನೆ ಅದೃಷ್ಟ, ಅಷ್ಟೇ.

ಈಗ ವ್ಯಾಲೆಟ್‌ಗೆ ದುಡ್ಡು ಹಾಕುವುದಿಲ್ಲ. ಅವರಲ್ಲಿ ಕಾರ್ಡ್ ಸೇವ್ ಮಾಡುವುದಿಲ್ಲ. ಕೊಂಡ ದಿನವೇ ಇಳಿಸಿ ಬೇರೆ ಡಿಸ್ಕಿನಲ್ಲಿ ಇಡುತ್ತೇನೆ. ಹಿಂದೆ ಡಿಸ್ಕೌಂಟ್ ಬಂದಾಗ ಮುಂದೆ ಎಂದಾದರೂ ಆಡಿದರಾಯಿತು ಅಂತ ನಾಲ್ಕೈದು ಗೇಮ್ ಒಟ್ಟಿಗೆ ಕೊಳ್ಳುತ್ತಿದ್ದೆ. ಈಗ ಆಡುವುದಿದ್ದರೆ ಮಾತ್ರ. ನನ್ನ ಜೇಬಿಗೆ ಇದು ಒಳ್ಳೆಯದೇ, ಅವರಿಗಲ್ಲ.

ಮೊನ್ನೆ ಒಂದು ಮೇಲ್ ಬಂತು. ಭಾನುವಾರ ರಾತ್ರಿ ರಿಪೇರಿ ಕೆಲಸ ಇದೆ, ಎರಡು ಗಂಟೆ ಸೈಟ್ ಇರುವುದಿಲ್ಲ ಅಂತ. ಹೇಳಿದಂತೆ ಎರಡೇ ಗಂಟೆಯಲ್ಲಿ ವಾಪಸ್ ಬಂತು. ನಾನು ಮಾತ್ರ ಶನಿವಾರವೇ ಕೂತು, 71 ಗೇಮೂ ಡಿಸ್ಕಿನಲ್ಲಿ ಇವೆಯಾ ಅಂತ ಒಂದೊಂದಾಗಿ ಎಣಿಸಿದ್ದೆ.