ಮನೆ, ಕಾರು ಎರಡೂ ಉಳಿಯುತ್ತವೆ ಎಂದವನನ್ನು ನಂಬಿ ಕೆಟ್ಟೆವು

ಅಮೆರಿಕದಲ್ಲಿ ಸಾಲ ತೀರಿಸಲಾಗದೆ ದಿವಾಳಿ ಅರ್ಜಿ ಹಾಕಲು ಹೊರಟಿರುವ ಕನ್ನಡಿಗರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಓದದೆ ಸಹಿ ಹಾಕಬೇಡಿ. ಬರೆಯಲು ನಾಚಿಕೆಯಾಗುತ್ತಿದೆ. ತವರಿನವರಿಗೂ ಇನ್ನೂ ಹೇಳಿಲ್ಲ. ಆದರೆ ನಮಗೆ ಅರ್ಜಿ ತುಂಬಿಕೊಟ್ಟ ಮನುಷ್ಯನೇ ಈಗ ಇನ್ನೊಂದು ಕುಟುಂಬಕ್ಕೆ ಅರ್ಜಿ ತುಂಬಿಕೊಡುತ್ತಿದ್ದಾನೆ ಎಂದು ನಿನ್ನೆ ತಿಳಿಯಿತು. ಇನ್ನು ಸುಮ್ಮನಿರಲಾರೆ.

ಯಜಮಾನರ ಕೆಲಸ ಹೋಗಿತ್ತು. ಆಸ್ಪತ್ರೆಯ ಬಿಲ್ಲು, ಕ್ರೆಡಿಟ್ ಕಾರ್ಡಿನ ಬಡ್ಡಿ, ದಿನಕ್ಕೆ ಹತ್ತು ಫೋನು. ವಕೀಲರ ಶುಲ್ಕ ಕೇಳಿಯೇ ಹಿಂದೆ ಸರಿದೆವು. ಆಗ ಪರಿಚಯದವರೊಬ್ಬರು ಇವನ ನಂಬರ್ ಕೊಟ್ಟರು. ವಕೀಲನಲ್ಲ, ಅರ್ಜಿ ತುಂಬಿಕೊಡುವವನು. ನಮ್ಮ ಭಾಷೆಯವನು. ಮೊದಲ ಮಾತಿನಿಂದಲೇ ನನಗೆ ಅಕ್ಕಾ, ಇವರಿಗೆ ಭಾವಾ. "ಚಾಪ್ಟರ್ 7 ಹಾಕೋಣ ಅಕ್ಕಾ. ಸಾಲವೂ ಹೋಗುತ್ತದೆ, ಮನೆ ಕಾರು ಎರಡೂ ನಿಮ್ಮ ಹತ್ತಿರವೇ ಇರುತ್ತವೆ. ಜವಾಬ್ದಾರಿ ನನ್ನದು." ಚಾಪ್ಟರ್ 7 ಎಂದರೆ, ಕಾನೂನು ನಮಗೆ ಬಿಡುವಷ್ಟನ್ನು ಬಿಟ್ಟು ಮಿಕ್ಕ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚಿ, ಉಳಿದ ಸಾಲ ಮನ್ನಾ ಮಾಡುವ ಬಗೆಯ ದಿವಾಳಿ. ಈ ಮಾತನ್ನು ಒಮ್ಮೆಯಲ್ಲ, ನಾಲ್ಕೈದು ಸಲ ಹೇಳಿದ. ಜವಾಬ್ದಾರಿ ನನ್ನದು!

ಮನೆಯ ಬೆಲೆ ಬರೆಯುವ ಕಡೆ ನಾವು ಕೊಂಡಾಗಿನ ಬೆಲೆಯನ್ನೇ ಹಾಕಿದ. ಈಗ ಏರಿದೆಯಲ್ಲ ಎಂದು ನಾನು ಕೇಳಿದೆ. ಕೇಳಿದ್ದೆ, ಚೆನ್ನಾಗಿ ನೆನಪಿದೆ. "ಅದನ್ನೆಲ್ಲ ಯಾರು ನೋಡುತ್ತಾರೆ ಅಕ್ಕಾ" ಎಂದ. ಹಳೆಯ ಕಾರನ್ನು ಅರ್ಜಿಗೆ ಮುಂಚೆಯೇ ಮೈದುನನ ಹೆಸರಿಗೆ ಮಾಡಿಸಿಬಿಡಿ ಎಂದ. ಒಂದು ಡಾಲರ್ ಕೂಡ ಪಡೆಯದೆ ಮಾಡಿಸಿದೆವು.

ಅರ್ಜಿ ಹಾಕಿ ಸುಮಾರು ಒಂದು ತಿಂಗಳಿಗೆ ಟ್ರಸ್ಟಿಯ, ಅಂದರೆ ದಿವಾಳಿ ಪ್ರಕರಣದ ಆಸ್ತಿ ನೋಡಿಕೊಳ್ಳಲು ನೇಮಕವಾದ ಅಧಿಕಾರಿಯ ಮುಂದೆ ವಿಚಾರಣೆ, ವಿಡಿಯೊದಲ್ಲಿ. ಪ್ರಮಾಣ ಮಾಡಿಸಿದ ಮೇಲೆ ಆತ ಮೆಲ್ಲಗೆ ಕೇಳಿದರು, ಇತ್ತೀಚೆಗೆ ಯಾವುದಾದರೂ ಆಸ್ತಿಯನ್ನು ಬೇರೆಯವರ ಹೆಸರಿಗೆ ಮಾಡಿದ್ದೀರಾ? ಯಜಮಾನರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು. ಅಂಗೈ ಬೆವರಿ ತಣ್ಣಗಾಗಿತ್ತು. ಸುಳ್ಳು ಹೇಳಲಿಲ್ಲ, ಕಾರಿನ ವಿಷಯ ಒಪ್ಪಿಕೊಂಡರು. ಈ ಕಾಗದಗಳನ್ನು ತಯಾರಿಸಿದವರು ಯಾರು ಎಂಬುದು ಮುಂದಿನ ಪ್ರಶ್ನೆ. ನಾನು ಆಗಲೇ ನೋಡಿದ್ದು: ತಯಾರಿಸಿದವನು ಹೆಸರು ಬರೆದು ಸಹಿ ಮಾಡಬೇಕಾದ ಜಾಗ ಖಾಲಿ. ಪುಟಪುಟಕ್ಕೂ ನಮ್ಮ ಸಹಿ ಮಾತ್ರ. ನನ್ನ ಕಾಲ ಕೆಳಗಿನ ನೆಲವೇ ಕುಸಿದ ಹಾಗಾಯಿತು. ಮನೆಯ ಇಂದಿನ ಬೆಲೆಯಲ್ಲಿ ಬ್ಯಾಂಕಿನ ಸಾಲ, ಕಾನೂನಿನ ವಿನಾಯಿತಿ (ಕಾನೂನು ನಮಗೇ ಬಿಡುವ ಮೊತ್ತ) ಕಳೆದರೂ ಹಣ ಮಿಗುತ್ತದೆ, ಆದ್ದರಿಂದ ಮನೆ ಮಾರಿ ಸಾಲ ಕೊಟ್ಟವರಿಗೆ ಹಂಚುವುದನ್ನು ಪರಿಶೀಲಿಸಬೇಕಾಗುತ್ತದೆ ಎಂದರು ಟ್ರಸ್ಟಿ.

ಅಂದೇ ಅವನಿಗೆ ಫೋನ್ ಮಾಡಿದೆ. "ನಾನು ಟೈಪ್ ಮಾಡಿಕೊಟ್ಟವನು ಅಷ್ಟೇ ಮೇಡಂ. ನಿರ್ಧಾರ ನಿಮ್ಮದು. ಕಾನೂನಿನ ಸಲಹೆ ನಾನು ಕೊಡುವ ಹಾಗೆಯೇ ಇಲ್ಲ." ಅಕ್ಕ ಅಂದಿಗೆ ಮೇಡಂ ಆದಳು. ಕೊಡುವ ಹಾಗಿಲ್ಲ ಎಂಬುದು ನಿಜವೇ. ದಿವಾಳಿ ಕಾನೂನಿನ 110ನೆಯ ಸೆಕ್ಷನ್, ಅರ್ಜಿ ತುಂಬುವವನು ಮನೆ, ಕಾರು ಉಳಿಯುತ್ತವೆಯೇ ಎಂಬ ಬಗ್ಗೆ ಸಲಹೆ ಕೊಡಬಾರದು ಎಂದು ಬಿಡಿಸಿ ಹೇಳುತ್ತದೆ. ಅವನಿಗೆ ಇದು ಮೊದಲೇ ಗೊತ್ತಿತ್ತು! ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇವೆ ಎಂದರೆ "ಪಡೆಯಿರಿ, ನನ್ನನ್ನೇಕೆ ಕೇಳುತ್ತೀರಿ" ಎಂದ. ಚಾಪ್ಟರ್ 7 ಅರ್ಜಿಯನ್ನು ತಕ್ಕ ಕಾರಣ ತೋರಿಸದೆ, ನ್ಯಾಯಾಲಯ ಒಪ್ಪದೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹಣ ವಾಪಸ್ ಕೊಡು ಎಂದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಕೊನೆಗೆ ವಕೀಲರ ಹತ್ತಿರವೇ ಹೋದೆವು. ಅವರು ಹೇಳಿದ್ದನ್ನು ಕೇಳಿ ಹೊಟ್ಟೆ ಉರಿಯಿತು. ಕಾರನ್ನು ಯಾರ ಹೆಸರಿಗೂ ಮಾಡಬೇಕಾಗಿಯೇ ಇರಲಿಲ್ಲ. 2025ರ ಏಪ್ರಿಲ್ 1ರಿಂದ ಫೆಡರಲ್ (ಕೇಂದ್ರ ಸರ್ಕಾರದ) ಪಟ್ಟಿಯಲ್ಲಿ ಕಾರಿಗೆ 5,025 ಡಾಲರ್, ಮನೆಗೆ 31,575 ಡಾಲರ್ ವಿನಾಯಿತಿ ಇದೆ. ಹಲವು ರಾಜ್ಯಗಳಲ್ಲಿ ರಾಜ್ಯದ ಪಟ್ಟಿಯೇ ನಡೆಯುತ್ತದೆ, ಮೊತ್ತವೂ ಬೇರೆ. ನಮ್ಮ ಕಾರಿಗೆ ನಾಲ್ಕು ಸಾವಿರವೂ ಬರುತ್ತಿರಲಿಲ್ಲ. ನಮ್ಮ ಹೆಸರಿನಲ್ಲೇ ಇದ್ದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಅರ್ಜಿಗೆ ಮುಂಚಿನ ಒಂದು ವರ್ಷದಲ್ಲಿ ಸಾಲ ಕೊಟ್ಟವರ ಕಣ್ಣು ತಪ್ಪಿಸಲು ಆಸ್ತಿ ದಾಟಿಸಿದ್ದು ಸಾಬೀತಾದರೆ ಸಾಲಮನ್ನಾವನ್ನೇ ನಿರಾಕರಿಸಬಹುದಂತೆ. ಅಂದರೆ ಮನೆಯೂ ಹೋಗಿ ಸಾಲವೂ ಉಳಿಯುತ್ತಿತ್ತು.

ಯಜಮಾನರಿಗೆ ಈಗ ಕೆಲಸ ಸಿಕ್ಕಿದೆ. ಅದರಿಂದ ಪ್ರಕರಣವನ್ನು ಚಾಪ್ಟರ್ 13ಕ್ಕೆ, ಅಂದರೆ ಆಸ್ತಿ ಉಳಿಸಿಕೊಂಡು ದುಡಿಮೆಯಿಂದ ಕಂತು ಕಟ್ಟುವ ಬಗೆಗೆ ಬದಲಾಯಿಸಿಕೊಂಡೆವು. ಮನೆ ಉಳಿಯಿತು, ಆದರೆ ಐದು ವರ್ಷ ಪ್ರತಿ ತಿಂಗಳು ಕಂತು ಕಟ್ಟಬೇಕು. ಮೊದಲು ಉಳಿಸಲು ನೋಡಿದ ವಕೀಲರ ಶುಲ್ಕವನ್ನೂ ಕಟ್ಟಿದ್ದಾಯಿತು.

ಯಾರ ಹೆಸರಿಗೂ ಏನನ್ನೂ ಮಾಡಬೇಡಿ. ಮನೆಯ ಇಂದಿನ ಬೆಲೆಯನ್ನೇ ಬರೆಯಿರಿ. ಮೊದಲ ಭೇಟಿಗೆ ಹಣ ಕೇಳದ ವಕೀಲರು ಇದ್ದಾರೆ, ಉಚಿತ ಕಾನೂನು ನೆರವೂ ಇದೆ, ಅಲ್ಲಿ ವಿಚಾರಿಸಿ. ನಮ್ಮವನು, ನಮ್ಮ ಭಾಷೆಯವನು ಎಂದು ನಂಬಬೇಡಿ.

ಆ ಇನ್ನೊಂದು ಕುಟುಂಬ ಸೋಮವಾರ ಸಹಿ ಹಾಕುತ್ತದಂತೆ. ಅವರಿಗೂ ಕಾರನ್ನು ಅಣ್ಣನ ಹೆಸರಿಗೆ ಮಾಡಿಸಿ ಎಂದಿದ್ದಾನಂತೆ. ಅವರ ಪರಿಚಯ ನಿಮಗಿದ್ದರೆ ಇವತ್ತೇ ಫೋನ್ ಮಾಡಿ ತಡೆಯಿರಿ.